ಯಂತ್ರ ಬಂತು, ಬೇಡಿ ಬಿಗಿಯಾಯ್ತು: ಅಮೆರಿಕದ ಹತ್ತಿ ತೋಟಗಳಲ್ಲಿ ಗುಲಾಮಗಿರಿ

ಒಂದು ಸರಳ ಪ್ರಶ್ನೆಯಿಂದ ಶುರು ಮಾಡೋಣ. ಐವತ್ತು ಜನ ದಿನವಿಡೀ ಕೂತು ಮಾಡುವ ಕೆಲಸವನ್ನು, ಯಂತ್ರದ ಮುಂದೆ ನಿಂತ ಒಬ್ಬನೇ ಮಾಡಿ ಮುಗಿಸಿದರೆ ಏನಾಗುತ್ತೆ? ಫಸ್ಟ್ ಸೆಮ್‌ನಿಂದ ನಾವೆಲ್ಲ ಬರೆದುಕೊಂಡು ಬಂದ ಉತ್ತರ ಗೊತ್ತೇ ಇದೆ: ಶ್ರಮ ಉಳಿಯುತ್ತೆ, ಸಮಯ ಉಳಿಯುತ್ತೆ, ಉತ್ಪಾದನೆ ಹೆಚ್ಚುತ್ತೆ.

ಈಗ ಎರಡು ಸಂಖ್ಯೆ ನೋಡಿ. 1790ರ ಜನಗಣತಿಯ ಪ್ರಕಾರ ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಗುಲಾಮಗಿರಿಯಲ್ಲಿದ್ದವರು ಸುಮಾರು 7 ಲಕ್ಷ ಜನ. ಅದಾದ ಮೂರೇ ವರ್ಷಕ್ಕೆ, 1793ರಲ್ಲಿ, ಹತ್ತಿಯಿಂದ ಕಾಳು ಬೇರ್ಪಡಿಸುವ ಹೊಸ ಯಂತ್ರ ಬಂತು. ಶ್ರಮ ಉಳಿಸುವ ಯಂತ್ರಗಳ ಇತಿಹಾಸದಲ್ಲಿ ಇದಕ್ಕೆ ದೊಡ್ಡ ಹೆಸರು. ಹಾಗಾದರೆ 1860ರ ಜನಗಣತಿಯಲ್ಲಿ ಗುಲಾಮರ ಸಂಖ್ಯೆ ಎಷ್ಟಿರಬೇಕು? ಕಡಿಮೆ ಆಗಿರಬೇಕಲ್ವಾ? ಇಲ್ಲ. ಸುಮಾರು 39.5 ಲಕ್ಷ. ಐದೂವರೆ ಪಟ್ಟಿಗೂ ಹೆಚ್ಚು.

ಯಂತ್ರ ಶ್ರಮವನ್ನು ಉಳಿಸಿತು, ಆದರೆ ಶ್ರಮಿಕರ ಬೇಡಿ ಬಿಗಿಯಾಯ್ತು. ಇದು ಹೇಗೆ ಸಾಧ್ಯವಾಯ್ತು ಅನ್ನೋದನ್ನು ಅರ್ಥ ಮಾಡಿಕೊಂಡರೆ ಆ ಸಮಾಜದಲ್ಲಿ ಗುಲಾಮಗಿರಿ ಏನು ಕೆಲಸ ಮಾಡುತ್ತಿತ್ತು ಅನ್ನೋದು ಅರ್ಥವಾಗುತ್ತೆ. ಮುಂದೆ ಯಂತ್ರ, ಸಾಫ್ಟ್‌ವೇರ್ ಕಟ್ಟಲು ಹೊರಟಿರುವ ನಮಗೆ ಇದು ಬರೀ ಇತಿಹಾಸದ ಪಾಠವೂ ಅಲ್ಲ.

ಮೊದಲು ಯಂತ್ರವನ್ನು ನೋಡೋಣ

ಹೊಲದಿಂದ ಬಿಡಿಸಿ ತಂದ ಹತ್ತಿಯಲ್ಲಿ ಅರಳೆ ಮತ್ತು ಕಾಳು ಎರಡೂ ಇರುತ್ತವೆ. ತೂಕದಲ್ಲಿ ಅರಳೆ ಹೆಚ್ಚುಕಮ್ಮಿ ಮೂರನೇ ಒಂದು ಭಾಗ, ಉಳಿದದ್ದು ಕಾಳು. ನೂಲು ತೆಗೆಯಬೇಕಾದರೆ ಮೊದಲು ಕಾಳು ಹೋಗಬೇಕು. ಭಾರತದಲ್ಲಿ ಇದಕ್ಕೆ ಬಹಳ ಹಿಂದಿನಿಂದಲೂ ಎರಡು ರೋಲರ್‌ಗಳ ಕೈಯಂತ್ರ ಇತ್ತು. ರೋಲರ್‌ಗಳ ನಡುವೆ ಅರಳೆ ಮುಂದೆ ಹೋಗುತ್ತೆ, ಕಾಳು ಹಿಂದೆ ಉಳಿಯುತ್ತೆ. ಅಮೆರಿಕದ ಕರಾವಳಿ ದ್ವೀಪಗಳಲ್ಲಿ ಬೆಳೆಯುತ್ತಿದ್ದ ಉದ್ದ ಎಳೆಯ ಹತ್ತಿಗೂ ಇಂಥ ರೋಲರ್ ಸಾಕಾಗುತ್ತಿತ್ತು. ಆದರೆ ಆ ಹತ್ತಿ ಎಲ್ಲ ಕಡೆ ಬೆಳೆಯುತ್ತಿರಲಿಲ್ಲ. ಒಳನಾಡಿನಲ್ಲಿ ಚೆನ್ನಾಗಿ ಬರುತ್ತಿದ್ದದ್ದು ಗಿಡ್ಡ ಎಳೆಯ ಹತ್ತಿ. ಅದರ ಕಾಳು ಅರಳೆಗೆ ಗಟ್ಟಿಯಾಗಿ ಅಂಟಿಕೊಂಡಿರುತ್ತೆ. ಕೈಯಲ್ಲಿ ಬಿಡಿಸಲು ಕೂತರೆ ಒಬ್ಬರಿಗೆ ದಿನಕ್ಕೆ ಸುಮಾರು ಒಂದು ಪೌಂಡ್, ಅಂದರೆ ಅರ್ಧ ಕೆಜಿಗಿಂತ ಕಡಿಮೆ ಅರಳೆ ಸಿಗುತ್ತಿತ್ತು.

ಯೇಲ್‌ನಲ್ಲಿ ಓದು ಮುಗಿಸಿದ್ದ ಎಲಿ ವಿಟ್ನಿ 1793ರಲ್ಲಿ ಜಾರ್ಜಿಯಾದ ಸವಾನಾ ಊರಿನ ಹತ್ತಿರ, ಕ್ಯಾಥರೀನ್ ಗ್ರೀನ್ ಎಂಬಾಕೆಯ ತೋಟದಲ್ಲಿದ್ದಾಗ ಈ ಸಮಸ್ಯೆಗೆ ಪರಿಹಾರ ಹುಡುಕಿದ. ತಂತಿಯ ಹಲ್ಲುಗಳಿರುವ ಒಂದು ಉರುಳೆ. ಅದರ ಮುಂದೆ ಸಣ್ಣ ಸೀಳುಗಳಿರುವ ತಡೆ. ಹಲ್ಲುಗಳು ಅರಳೆಯನ್ನು ಸೀಳಿನ ಮೂಲಕ ಎಳೆದುಕೊಳ್ಳುತ್ತವೆ, ಕಾಳು ದೊಡ್ಡದಾದ್ದರಿಂದ ಆಚೆಯೇ ಉಳಿಯುತ್ತೆ. ಹಿಂದಿನಿಂದ ತಿರುಗುವ ಬ್ರಷ್ ಹಲ್ಲಿಗೆ ಅಂಟಿದ ಅರಳೆಯನ್ನು ಬಿಡಿಸುತ್ತೆ. ಅಷ್ಟೇ. ಮೂರನೇ ಸೆಮ್ ವರ್ಕ್‌ಶಾಪ್‌ನಲ್ಲಿ ನಾವೂ ಮಾಡಿಬಿಡಬಹುದಾದಷ್ಟು ಸರಳ. ಕೈಯಿಂದ ತಿರುಗಿಸುವ ಸಣ್ಣ ಜಿನ್‌ನಲ್ಲೇ ದಿನಕ್ಕೆ ಐವತ್ತು ಪೌಂಡ್ ಅರಳೆ ಬರತೊಡಗಿತು. 1794ರಲ್ಲಿ ಪೇಟೆಂಟ್ ಕೂಡ ಸಿಕ್ಕಿತು. ಆದರೆ ವಿನ್ಯಾಸ ಇಷ್ಟು ಸುಲಭವಾಗಿದ್ದರಿಂದ ಊರೂರಿನ ಬಡಗಿ, ಕಮ್ಮಾರರೆಲ್ಲ ನಕಲು ಮಾಡಿದರು. ವಿಟ್ನಿಗೆ ಅದರಿಂದ ದೊಡ್ಡ ಲಾಭವೇನೂ ಆಗಲಿಲ್ಲ.

ಬಾಟಲ್‌ನೆಕ್ ಎಲ್ಲಿಗೆ ಹೋಯ್ತು?

ಯಾವುದೇ ಉತ್ಪಾದನಾ ಸಾಲಿನಲ್ಲಿ ಅತ್ಯಂತ ನಿಧಾನವಾದ ಹಂತವೇ ಒಟ್ಟು ಔಟ್‌ಪುಟ್ ನಿರ್ಧರಿಸುತ್ತೆ. ಆ ಹಂತವನ್ನು ವೇಗಗೊಳಿಸಿದರೆ ಬಾಟಲ್‌ನೆಕ್ ಮಾಯವಾಗೋದಿಲ್ಲ, ಮುಂದಿನ ನಿಧಾನದ ಹಂತಕ್ಕೆ ಜರುಗುತ್ತೆ. ಹತ್ತಿಯ ವಿಷಯದಲ್ಲಿ ಆದದ್ದು ಇದೇ.

ಲೆಕ್ಕ ಹಾಕಿ ನೋಡೋಣ. ಒಂದು ಬೇಲ್ ಅರಳೆ ಸುಮಾರು 400 ಪೌಂಡ್ ಅಂತ ಇಟ್ಟುಕೊಳ್ಳಿ. ಕೈಯಲ್ಲಿ ಕಾಳು ತೆಗೆದರೆ ಒಬ್ಬರಿಗೆ 400 ದಿನ, ವರ್ಷಕ್ಕಿಂತ ಹೆಚ್ಚು. ಹಾಗಾಗಿ ಎಷ್ಟೇ ಭೂಮಿ ಇದ್ದರೂ ಗಿಡ್ಡ ಎಳೆಯ ಹತ್ತಿ ಬೆಳೆದು ದುಡ್ಡು ಮಾಡುವ ಹಾಗಿರಲಿಲ್ಲ. ಜಿನ್ ಬಂದ ಮೇಲೆ ಅದೇ ಕೆಲಸಕ್ಕೆ ಎಂಟೇ ದಿನ. ಮುಂದೆ ಕುದುರೆ, ನೀರು, ಉಗಿಯಿಂದ ನಡೆಯುವ ದೊಡ್ಡ ಜಿನ್‌ಗಳು ಬಂದಾಗ ಇನ್ನೂ ಕಡಿಮೆ. ಆದರೆ ಬಿತ್ತುವುದು, ಕಳೆ ತೆಗೆಯುವುದು, ಒಡೆದ ಕಾಯಿಯಿಂದ ಹತ್ತಿ ಬಿಡಿಸುವುದು, ಇವೆಲ್ಲ ಕೈಯಲ್ಲೇ ಆಗಬೇಕಿತ್ತು. ಅದರಲ್ಲೂ ಹತ್ತಿ ಬಿಡಿಸುವುದು. ಕಾಯಿಗಳೆಲ್ಲ ಒಂದೇ ದಿನ ಒಡೆಯೋದಿಲ್ಲ. ಅದೇ ಹೊಲವನ್ನು ಮತ್ತೆ ಮತ್ತೆ ಸುತ್ತಬೇಕು. ಒಣಗಿದ ತೊಟ್ಟಿನ ತುದಿ ಬೆರಳಿಗೆ ಚುಚ್ಚುತ್ತೆ. ಉತ್ತರ ಕರ್ನಾಟಕದಿಂದ ಬಂದ ಗೆಳೆಯರಿಗೆ ಈ ಕೆಲಸ ಎಂಥದ್ದು ಅಂತ ನಾವು ಹೇಳಬೇಕಾಗಿಲ್ಲ.

ಅಂದರೆ ಒಂದು ಹಂತದಲ್ಲಿ ಶ್ರಮ ಉಳಿದದ್ದರಿಂದ ಉಳಿದೆಲ್ಲ ಹಂತಗಳಲ್ಲಿ ಶ್ರಮದ ಬೇಡಿಕೆ ಸಿಡಿದೆದ್ದಿತು. ಅತ್ತ ಇಂಗ್ಲೆಂಡಿನ ಲ್ಯಾಂಕಶೈರ್‌ನಲ್ಲಿ ನೂಲುವ ಯಂತ್ರಗಳು ಹಸಿದು ಕೂತಿದ್ದವು. ಇತ್ತ ಅಮೆರಿಕದಲ್ಲಿ ವರ್ಷಕ್ಕೆ ಕೆಲವು ಸಾವಿರ ಬೇಲ್ ಇದ್ದ ಹತ್ತಿ ಉತ್ಪಾದನೆ 1860ರ ಹೊತ್ತಿಗೆ ಸುಮಾರು 40 ಲಕ್ಷ ಬೇಲ್ ಮುಟ್ಟಿತು.

ಇದಕ್ಕೆ ಭೂಮಿ ಎಲ್ಲಿಂದ ಬಂತು? ಅಲಬಾಮಾ, ಮಿಸಿಸಿಪ್ಪಿ ಕಡೆಯ ಫಲವತ್ತಾದ ನೆಲ ಕ್ರೀಕ್, ಚಾಕ್ಟಾ, ಚಿಕಸಾ ಮೊದಲಾದ ಮೂಲನಿವಾಸಿಗಳದ್ದು. 1830ರ ಕಾಯ್ದೆಯ ನಂತರ ಅವರನ್ನು ಮಿಸಿಸಿಪ್ಪಿ ನದಿಯ ಪಶ್ಚಿಮಕ್ಕೆ ಓಡಿಸಲಾಯಿತು. ಜನ ಎಲ್ಲಿಂದ ಬಂದರು? ಆಫ್ರಿಕಾದಿಂದ ಗುಲಾಮರನ್ನು ತರುವುದನ್ನು ಅಮೆರಿಕ 1808ರಲ್ಲಿ ನಿಷೇಧಿಸಿತ್ತು. ಹಾಗಾಗಿ ದೇಶದ ಒಳಗೇ ವ್ಯಾಪಾರ ಬೆಳೆಯಿತು. ವರ್ಜೀನಿಯಾ, ಮೇರಿಲ್ಯಾಂಡ್ ಕಡೆ ತಂಬಾಕಿನ ಬೇಸಾಯ ಸೊರಗಿತ್ತು. ಅಲ್ಲಿನ ಮಾಲೀಕರು ತಮ್ಮ ಬಳಿ ಇದ್ದವರನ್ನು ದಕ್ಷಿಣದ ಹತ್ತಿ ಸೀಮೆಗೆ ಮಾರತೊಡಗಿದರು. 1790ರಿಂದ 1860ರವರೆಗೆ ಹೀಗೆ ಸಾಗಿಸಲ್ಪಟ್ಟವರು ಸುಮಾರು 10 ಲಕ್ಷ ಜನ ಅಂತ ಇತಿಹಾಸಕಾರರ ಅಂದಾಜು. ಕೆಲವರು ಮಾಲೀಕರ ಜೊತೆಗೆ ಹೋದರು, ಬಹಳಷ್ಟು ಜನ ವ್ಯಾಪಾರಿಗಳ ಕೈಯಲ್ಲಿ ಸರಪಳಿ ಹಾಕಿಸಿಕೊಂಡು ನಡೆದರು ಅಥವಾ ಹಡಗೇರಿದರು. ನ್ಯೂ ಆರ್ಲಿಯನ್ಸ್ ಈ ವ್ಯಾಪಾರದ ಅತಿ ದೊಡ್ಡ ಸಂತೆಯಾಗಿತ್ತು.

ತೋಟವೆಂಬ ಕಾರ್ಖಾನೆ

ಪ್ಲಾಂಟೇಶನ್ ಅಂದ ತಕ್ಷಣ ನಮಗೆ ಕೊಡಗು, ಚಿಕ್ಕಮಗಳೂರಿನ ತಂಪಾದ ಕಾಫಿ ತೋಟ ನೆನಪಾಗಬಹುದು. ಇಲ್ಲಿ ಆ ಚಿತ್ರ ಬಿಟ್ಟುಬಿಡಿ. ಇಲ್ಲಿ ಪ್ಲಾಂಟೇಶನ್ ಅಂದರೆ ದೊಡ್ಡ ಭೂಮಿ, ಒಂದೇ ವಾಣಿಜ್ಯ ಬೆಳೆ, ಸಾವಿರಾರು ಮೈಲಿ ದೂರದ ಮಾರುಕಟ್ಟೆ ಮತ್ತು ಬಿಟ್ಟು ಹೋಗಲಾಗದ ಕೆಲಸಗಾರರು. ನಾಲ್ಕನೆಯದ್ದೇ ಈ ವ್ಯವಸ್ಥೆಯ ಕೀಲಿ. ಕೂಲಿ ಕಡಿಮೆಯಾದರೆ ಕೂಲಿಕಾರ ಬೇರೆ ಊರಿಗೆ ಹೋಗಬಹುದು. ಕೆಲಸ ಮಿತಿ ಮೀರಿದರೆ ಬಿಟ್ಟುಬಿಡಬಹುದು. ಇಲ್ಲಿ ಎರಡೂ ಇಲ್ಲ.

ದೊಡ್ಡ ತೋಟಗಳಲ್ಲಿ ಕೆಲಸ ಗುಂಪುಗಳಲ್ಲಿ ನಡೆಯುತ್ತಿತ್ತು, ಸೂರ್ಯ ಹುಟ್ಟಿದಾಗಿನಿಂದ ಮುಳುಗುವವರೆಗೆ. ಹಿಂದೆ ಮೇಲ್ವಿಚಾರಕ, ಅವನ ಕೈಯಲ್ಲಿ ಚಾವಟಿ. ಮನುಷ್ಯರನ್ನು ಲೆಕ್ಕ ಹಾಕುವ ಏಕಮಾನವೇ 'ಕೈ'. ಗಟ್ಟಿಮುಟ್ಟಾದ ಯುವಕ ಒಂದು ಪೂರ್ಣ ಕೈ. ಹದಿಹರೆಯದವರು, ವಯಸ್ಸಾದವರು, ಬಸುರಿ ಹೆಂಗಸರು ಮುಕ್ಕಾಲು, ಅರ್ಧ, ಕಾಲು ಕೈ. ತೋಟದಲ್ಲಿ ಅರವತ್ತು ಜನ ಇದ್ದರೂ ಲೆಕ್ಕದ ಪುಸ್ತಕದಲ್ಲಿ ಮೂವತ್ತೈದು ಕೈ ಅಂತ ಇರಬಹುದು. ನಾವು ಮೋಟರ್‌ಗಳಿಗೆ ರೇಟಿಂಗ್ ಕೊಡ್ತೀವಲ್ಲ, ಹಾಗೆ.

ಸಾಲೊಮನ್ ನಾರ್ಥಪ್ ಎಂಬಾತನ ವಿಷಯ ನಿಮ್ಮಲ್ಲಿ ಕೆಲವರಿಗೆ ಸಿನಿಮಾದಿಂದ ಗೊತ್ತಿರಬಹುದು. ನ್ಯೂಯಾರ್ಕ್ ರಾಜ್ಯದ ಸ್ವತಂತ್ರ ನಾಗರಿಕನಾಗಿದ್ದ ಈತನನ್ನು 1841ರಲ್ಲಿ ಅಪಹರಿಸಿ ಮಾರಲಾಯಿತು. ಹನ್ನೆರಡು ವರ್ಷ ಲೂಸಿಯಾನಾದ ತೋಟಗಳಲ್ಲಿ ದುಡಿದು, 1853ರಲ್ಲಿ ಬಿಡುಗಡೆಯಾಗಿ, ಅದೇ ವರ್ಷ ತನ್ನ ಕಥೆಯನ್ನು ಪುಸ್ತಕವಾಗಿ ಪ್ರಕಟಿಸಿದ. ಅದರಲ್ಲಿ ಹತ್ತಿ ತೂಗುವ ಹೊತ್ತಿನ ವಿವರ ಇದೆ. ಒಬ್ಬರಿಗೆ ದಿನಕ್ಕೆ ಸಾಮಾನ್ಯ ಗುರಿ 200 ಪೌಂಡ್, ಅಂದರೆ ಸುಮಾರು 90 ಕೆಜಿ. ಕತ್ತಲಾದ ಮೇಲೆ ಬುಟ್ಟಿ ಹೊತ್ತು ಜಿನ್ ಮನೆಗೆ ಹೋಗಬೇಕು, ಒಬ್ಬೊಬ್ಬರದ್ದೂ ತೂಕವಾಗಬೇಕು. ಕಡಿಮೆ ಬಿದ್ದರೆ ಚಾವಟಿ ಏಟು. ಹೆಚ್ಚು ಬಂದರೆ? ಬಹುಮಾನ ಅಂದುಕೊಂಡರೆ ತಪ್ಪು. ನಾಳೆಯಿಂದ ಗುರಿಯೇ ಮೇಲೇರುತ್ತೆ. ಹಾಗಾಗಿ ತಕ್ಕಡಿಯ ಮುಂದೆ ನಿಂತವರಿಗೆ ಕಡಿಮೆಯಾದರೂ ಭಯ, ಹೆಚ್ಚಾದರೂ ಭಯ.

ಸಂಶೋಧಕರು ತೋಟಗಳ ದಾಖಲೆಗಳಿಂದ ಇಂಥ ದಿನದ ತೂಕಗಳನ್ನು ದೊಡ್ಡ ಸಂಖ್ಯೆಯಲ್ಲಿ ಒಟ್ಟು ಮಾಡಿದ್ದಾರೆ. ಅರ್ಥಶಾಸ್ತ್ರಜ್ಞರಾದ ಆಲನ್ ಓಮ್‌ಸ್ಟೆಡ್ ಮತ್ತು ಪಾಲ್ ರೋಡ್ ಅವರ ಲೆಕ್ಕದಲ್ಲಿ 1800ರ ದಶಕದ ಆರಂಭದಿಂದ 1860ರ ದಶಕದವರೆಗೆ ಒಬ್ಬರು ದಿನಕ್ಕೆ ಬಿಡಿಸುವ ಹತ್ತಿ ಸುಮಾರು ನಾಲ್ಕು ಪಟ್ಟಾಯಿತು. ಬಿಡಿಸಲು ಯಾವ ಯಂತ್ರವೂ ಬಂದಿರಲಿಲ್ಲ. ಹಾಗಾದರೆ ಹೇಗೆ? ಇವರಿಬ್ಬರ ಪ್ರಕಾರ ಮುಖ್ಯ ಕಾರಣ ಹೊಸ ತಳಿಯ ಬೀಜ. ಮೆಕ್ಸಿಕೋ ಮೂಲದ ಆ ತಳಿಗಳಲ್ಲಿ ಕಾಯಿ ದೊಡ್ಡದು, ಅಗಲವಾಗಿ ಒಡೆಯುತ್ತಿತ್ತು, ಬಿಡಿಸೋದು ಸುಲಭ. ಇತಿಹಾಸಕಾರ ಎಡ್ವರ್ಡ್ ಬ್ಯಾಪ್ಟಿಸ್ಟ್ ಹೇಳೋದು ಬೇರೆ: ತಕ್ಕಡಿ, ಸ್ಲೇಟು, ಚಾವಟಿ ಸೇರಿ ಗುರಿಯನ್ನು ಹಂತ ಹಂತವಾಗಿ ಏರಿಸುತ್ತಾ ಹೋದ ಹಿಂಸೆಯೇ ಕಾರಣ. ವಾದ ಇನ್ನೂ ಮುಗಿದಿಲ್ಲ. ನಮಗೆ ತೋಚೋದು ಇಷ್ಟು: ಬೀಜ ಒಳ್ಳೆಯದಾಗಿ ಕೆಲಸ ಸುಲಭವಾಯಿತು ಅಂತಲೇ ಇಟ್ಟುಕೊಂಡರೂ, ಆ ಸುಲಭದ ಲಾಭ ಬಿಡಿಸುವವರಿಗೆ ಸಿಗಲಿಲ್ಲ. ಅರ್ಧ ದಿನಕ್ಕೆ ಮನೆಗೆ ಹೋಗಿ ಅಂತ ಯಾರೂ ಅನ್ನಲಿಲ್ಲ.

ಎಕ್ಸೆಲ್ ಶೀಟಿನಲ್ಲಿ ಮನುಷ್ಯರು

ಗುಲಾಮಗಿರಿ ಅಂದರೆ ಹಳೆಯ ಕಾಲದ, ಹಿಂದುಳಿದ, ಲೆಕ್ಕಪತ್ರ ಇಲ್ಲದ ವ್ಯವಸ್ಥೆ ಅಂತ ನಾವು ಸಾಮಾನ್ಯವಾಗಿ ಅಂದುಕೊಳ್ತೀವಿ. ಹತ್ತಿ ಸೀಮೆಯಲ್ಲಿ ಹಾಗಿರಲಿಲ್ಲ. 1840ರ ದಶಕದ ಕೊನೆಯಿಂದ ಥಾಮಸ್ ಅಫ್ಲೆಕ್ ಎಂಬಾತ ಹತ್ತಿ ತೋಟಗಳಿಗೆಂದೇ ಅಚ್ಚಾದ ಲೆಕ್ಕದ ಪುಸ್ತಕ ಮಾರುತ್ತಿದ್ದ. ಅದರಲ್ಲಿ ಸಾಲು ಎಳೆದ ನಮೂನೆಗಳು: ಯಾರು ಯಾವ ದಿನ ಎಷ್ಟು ಪೌಂಡ್ ಬಿಡಿಸಿದರು, ಎಷ್ಟು ಬೇಲ್ ಆಯಿತು, ಯಾವ ಸಲಕರಣೆ ಎಷ್ಟಿದೆ. ಇನ್ನೊಂದು ಪುಟದಲ್ಲಿ ಗುಲಾಮರ ಹೆಸರು, ವಯಸ್ಸು, ವರ್ಷದ ಆರಂಭದ ಬೆಲೆ, ವರ್ಷದ ಕೊನೆಯ ಬೆಲೆ. ಮಗು ಬೆಳೆದರೆ ಆಸ್ತಿಯ ಮೌಲ್ಯ ಏರಿತು, ಮುದುಕನಿಗೆ ವಯಸ್ಸಾದರೆ ಸವಕಳಿ. ಮ್ಯಾನೇಜ್‌ಮೆಂಟ್ ಪೇಪರಿನಲ್ಲಿ ನಾವು ಲೇತ್ ಮಷೀನಿಗೆ ಹಾಕುವ ಸವಕಳಿಯನ್ನೇ ಇಲ್ಲಿ ಮನುಷ್ಯರಿಗೆ ಹಾಕುತ್ತಿದ್ದರು. ಕೈಟ್ಲಿನ್ ರೋಸೆಂಥಾಲ್ ಎಂಬ ಇತಿಹಾಸಕಾರ್ತಿ ಈ ಪುಸ್ತಕಗಳ ಬಗ್ಗೆಯೇ 2018ರಲ್ಲಿ ಒಂದು ಗ್ರಂಥ ಬರೆದಿದ್ದಾರೆ. ಕಾರ್ಖಾನೆಗಳಿಗಿಂತ ಚುರುಕಾದ ಲೆಕ್ಕಗಾರಿಕೆ ಕೆಲವು ತೋಟಗಳಲ್ಲಿ ಸಾಧ್ಯವಾದದ್ದಕ್ಕೆ ಒಂದು ಕಾರಣ, ಇಲ್ಲಿ ಕೆಲಸ ಬಿಟ್ಟು ಹೋಗುವವರೇ ಇರಲಿಲ್ಲ. ವರ್ಷಗಟ್ಟಲೆ ಅದೇ ಹೆಸರುಗಳ ಡೇಟಾ ಸಿಗುತ್ತಿತ್ತು.

ಈ ಜನ ದುಡಿಯುವ ಕೈ ಮಾತ್ರ ಆಗಿರಲಿಲ್ಲ, ಬಂಡವಾಳವೂ ಆಗಿದ್ದರು. 1860ರ ಸುಮಾರಿಗೆ ನ್ಯೂ ಆರ್ಲಿಯನ್ಸ್ ಸಂತೆಯಲ್ಲಿ ಒಬ್ಬ ಗಟ್ಟಿಮುಟ್ಟಾದ ಯುವಕನ ಬೆಲೆ 1500 ಡಾಲರ್ ದಾಟಿತ್ತು. ಗುಲಾಮಗಿರಿಯಲ್ಲಿದ್ದ ಎಲ್ಲರ ಒಟ್ಟು 'ಮಾರುಕಟ್ಟೆ ಬೆಲೆ' 300 ಕೋಟಿ ಡಾಲರಿಗೂ ಹೆಚ್ಚು ಅಂತ ಅಂದಾಜು. ಆಗ ಅಮೆರಿಕದ ಎಲ್ಲ ರೈಲ್ವೆ ಮತ್ತು ಎಲ್ಲ ಕಾರ್ಖಾನೆಗಳಲ್ಲಿ ಹೂಡಿದ್ದ ಬಂಡವಾಳವನ್ನು ಸೇರಿಸಿದರೂ ಇದಕ್ಕಿಂತ ಕಡಿಮೆ. ತೋಟದ ಮಾಲೀಕನಿಗೆ ಹೊಸ ಭೂಮಿ ಬೇಕಾದರೆ ತನ್ನಲ್ಲಿದ್ದ ಜನರನ್ನೇ ಅಡಮಾನ ಇಟ್ಟು ಸಾಲ ಎತ್ತುತ್ತಿದ್ದ. ಸಾಲ ತೀರದಿದ್ದರೆ ಬ್ಯಾಂಕು ಅವರನ್ನು ವಶಪಡಿಸಿಕೊಳ್ಳುತ್ತಿತ್ತು. 2005ರಲ್ಲಿ ಜೆಪಿ ಮಾರ್ಗನ್ ಚೇಸ್ ಬ್ಯಾಂಕು ತನ್ನೊಳಗೆ ವಿಲೀನವಾದ ಲೂಸಿಯಾನಾದ ಎರಡು ಹಳೆಯ ಬ್ಯಾಂಕುಗಳು ಸುಮಾರು 13,000 ಗುಲಾಮರನ್ನು ಅಡಮಾನವಾಗಿ ಪಡೆದಿದ್ದವು ಎಂದು ಒಪ್ಪಿಕೊಂಡು ಕ್ಷಮೆ ಕೇಳಿತು.

ಈ ಲೆಕ್ಕದ ಬುಡದಲ್ಲಿ ಒಂದು ಕಾನೂನಿತ್ತು. ವರ್ಜೀನಿಯಾ 1662ರಲ್ಲೇ ಮಾಡಿದ ನಿಯಮದ ಪ್ರಕಾರ ಮಗುವಿನ ಸ್ಥಿತಿ ತಾಯಿಯ ಸ್ಥಿತಿಯನ್ನು ಅನುಸರಿಸುತ್ತೆ. ತಾಯಿ ಗುಲಾಮಳಾದರೆ, ತಂದೆ ಯಾರೇ ಆಗಿರಲಿ, ತೋಟದ ಮಾಲೀಕನೇ ಆಗಿರಲಿ, ಮಗುವೂ ಗುಲಾಮ. ಅಂದರೆ ಹೆಣ್ಣಿನ ಹೆರಿಗೆಯೂ ಮಾಲೀಕನ ಬಡ್ಡಿ. ಆಫ್ರಿಕಾದಿಂದ ಜನ ಬರುವುದು ನಿಂತ ಮೇಲೂ ಸಂಖ್ಯೆ ಏರುತ್ತಲೇ ಹೋದದ್ದಕ್ಕೆ ಆಧಾರ ಈ ನಿಯಮ.

ಬರೀ ದಕ್ಷಿಣದ ಪಾಪವೇ?

ದಕ್ಷಿಣದ ರಾಜ್ಯಗಳಲ್ಲಿ ಗುಲಾಮಗಿರಿ, ಉತ್ತರದಲ್ಲಿ ಸ್ವಾತಂತ್ರ್ಯ ಅಂತ ಎರಡು ಡಬ್ಬಿ ಮಾಡಿ ಇಡೋದು ಸುಲಭ. ಆದರೆ ದುಡ್ಡು ಆ ಗಡಿಯನ್ನು ಪಾಲಿಸಲಿಲ್ಲ. ಮ್ಯಾಸಚೂಸೆಟ್ಸ್‌ನ ಲೊವೆಲ್ ಪಟ್ಟಣದ ಗಿರಣಿಗಳು ಓಡುತ್ತಿದ್ದದ್ದು ದಕ್ಷಿಣದ ಹತ್ತಿಯಿಂದ. ಹತ್ತಿ ಸಾಗಿಸುವ ಹಡಗು, ವಿಮೆ, ಸಾಲ, ಕಮಿಷನ್ ಎಲ್ಲದರಲ್ಲೂ ನ್ಯೂಯಾರ್ಕ್ ವ್ಯಾಪಾರಿಗಳ ಪಾಲಿತ್ತು. ರೋಡ್ ಐಲೆಂಡ್‌ನ ಗಿರಣಿಗಳಲ್ಲಿ ಗುಲಾಮರಿಗೆಂದೇ ಒರಟು ಬಟ್ಟೆ ನೇಯ್ದು ದಕ್ಷಿಣದ ತೋಟಗಳಿಗೆ ಮಾರುತ್ತಿದ್ದರು. 1860ರ ಹೊತ್ತಿಗೆ ಅಮೆರಿಕದ ಒಟ್ಟು ರಫ್ತಿನಲ್ಲಿ ಅರ್ಧಕ್ಕಿಂತ ಹೆಚ್ಚು ಹತ್ತಿಯೊಂದೇ. ಬ್ರಿಟನ್ ಆಮದು ಮಾಡಿಕೊಳ್ಳುತ್ತಿದ್ದ ಹತ್ತಿಯಲ್ಲಿ ಸುಮಾರು ಮುಕ್ಕಾಲು ಭಾಗ ಇಲ್ಲಿಂದಲೇ. ತನ್ನ ವಸಾಹತುಗಳಲ್ಲಿ 1830ರ ದಶಕದಲ್ಲೇ ಗುಲಾಮಗಿರಿ ರದ್ದು ಮಾಡಿದ್ದ ಬ್ರಿಟನ್, ಗುಲಾಮರು ಬೆಳೆದ ಹತ್ತಿಯನ್ನು ಮಾತ್ರ ಬಿಡಲಿಲ್ಲ.

ಗುಲಾಮರಿಲ್ಲದ ಬಿಳಿಯರು ಯಾಕೆ ಒಪ್ಪಿಕೊಂಡರು?

ಇಲ್ಲಿ ಒಂದು ಒಗಟಿದೆ. 1860ರಲ್ಲಿ ದಕ್ಷಿಣದ ಬಿಳಿಯ ಕುಟುಂಬಗಳಲ್ಲಿ ಸುಮಾರು ನಾಲ್ಕನೇ ಒಂದು ಭಾಗದವರ ಬಳಿ ಮಾತ್ರ ಗುಲಾಮರಿದ್ದರು. ಇಪ್ಪತ್ತು ಅಥವಾ ಹೆಚ್ಚು ಜನರನ್ನು ಇಟ್ಟುಕೊಂಡ 'ಪ್ಲಾಂಟರ್' ವರ್ಗ ಇನ್ನೂ ಚಿಕ್ಕದು. ಹಾಗಾದರೆ ಉಳಿದ ಮುಕ್ಕಾಲು ಭಾಗ ಯಾಕೆ ಈ ವ್ಯವಸ್ಥೆಯ ಪರ ನಿಂತಿತು?

ಒಂದು ಕಾರಣ ಆಸೆ: ಇವತ್ತಲ್ಲ ನಾಳೆ ನಾನೂ ಒಬ್ಬನನ್ನು ಕೊಳ್ಳಬಹುದು. ಇನ್ನೊಂದು, ದಿನನಿತ್ಯದ ಅವಲಂಬನೆ. ಸಣ್ಣ ರೈತನ ಹತ್ತಿ ಜಿನ್ ಆಗುತ್ತಿದ್ದದ್ದು ದೊಡ್ಡ ಮಾಲೀಕನ ಯಂತ್ರದಲ್ಲಿ, ಸಾಲ ಸಿಗುತ್ತಿದ್ದದ್ದೂ ಅವನಿಂದ. ಮೂರನೆಯದ್ದು ಅಂತಸ್ತು. ಎಷ್ಟೇ ಬಡವನಾದರೂ ಬಿಳಿಯನಾಗಿದ್ದರೆ ಅವನು ಸಮಾಜದ ತಳದ ಮೆಟ್ಟಿಲಲ್ಲಿಲ್ಲ. ಆ ಮೆಟ್ಟಿಲು ಹುಟ್ಟಿನಿಂದಲೇ ಬೇರೆಯವರಿಗೆ ಮೀಸಲು. 1858ರಲ್ಲಿ ದಕ್ಷಿಣ ಕ್ಯಾರೊಲಿನಾದ ಸೆನೆಟರ್ ಜೇಮ್ಸ್ ಹ್ಯಾಮಂಡ್, ಪ್ರತಿ ಸಮಾಜಕ್ಕೂ ಕೀಳು ಕೆಲಸ ಮಾಡುವ ಒಂದು ತಳವರ್ಗ ಬೇಕೇ ಬೇಕು ಅಂತ ಸೆನೆಟ್ಟಿನಲ್ಲೇ ವಾದಿಸಿದ. ಹುಟ್ಟಿನಿಂದ ಕೆಲಸ ಮತ್ತು ಅಂತಸ್ತು ನಿಗದಿಯಾಗುವ ಸಮಾಜ ಹೇಗೆ ತನ್ನನ್ನು ತಾನು ಸಮರ್ಥಿಸಿಕೊಳ್ಳುತ್ತೆ ಅನ್ನೋದು ನಮಗೆ ಹೊಸದೇನಲ್ಲ. ಗುಲಾಮಗಿರಿಯ ವಿರುದ್ಧ ಹೋರಾಡಿದ ಅಮೆರಿಕನ್ನರನ್ನು ಗಮನದಲ್ಲಿಟ್ಟುಕೊಂಡೇ ಜ್ಯೋತಿಬಾ ಫುಲೆ 1873ರಲ್ಲಿ ತಮ್ಮ 'ಗುಲಾಮಗಿರಿ' ಪುಸ್ತಕವನ್ನು ಅವರಿಗೆ ಅರ್ಪಿಸಿದರು.

ವ್ಯವಸ್ಥೆ ಉಳಿಯಲು ಬಲವೂ ಬೇಕಿತ್ತು. ರಾತ್ರಿ ಗಸ್ತು ತಿರುಗುವ ಪಡೆಗಳಲ್ಲಿ ಬಿಳಿಯರು ಸರದಿಯ ಮೇಲೆ ಸೇರಬೇಕಿತ್ತು. ಚೀಟಿ ಇಲ್ಲದೆ ತೋಟದ ಹೊರಗೆ ಸಿಕ್ಕವರಿಗೆ ಏಟು. 1831ರಲ್ಲಿ ವರ್ಜೀನಿಯಾದಲ್ಲಿ ನ್ಯಾಟ್ ಟರ್ನರ್ ನೇತೃತ್ವದಲ್ಲಿ ಬಂಡಾಯ ನಡೆದ ಮೇಲೆ ಹಲವು ರಾಜ್ಯಗಳು ಕಪ್ಪು ಜನರಿಗೆ ಓದುಬರಹ ಕಲಿಸುವುದರ ವಿರುದ್ಧ ಕಾನೂನನ್ನು ಬಿಗಿ ಮಾಡಿದವು. ಮದುವೆಗೆ ಕಾನೂನಿನ ಮಾನ್ಯತೆ ಇರಲಿಲ್ಲ. ಗಂಡನನ್ನು ಒಂದು ಕಡೆ, ಹೆಂಡತಿಯನ್ನು ಇನ್ನೊಂದು ಕಡೆ, ಮಕ್ಕಳನ್ನು ಮತ್ತೊಂದು ಕಡೆ ಮಾರಬಹುದಿತ್ತು, ಮಾರುತ್ತಿದ್ದರು.

ಹಾಗಂತ ಅವರು ಸುಮ್ಮನೆ ಸಹಿಸಿಕೊಂಡು ಕೂತಿರಲಿಲ್ಲ. ಕೆಲಸ ನಿಧಾನ ಮಾಡಿದರು, ಸಲಕರಣೆ ಮುರಿದರು, ಕೆಲವು ದಿನ ಕಾಡಿನಲ್ಲಿ ಅಡಗಿದರು. ಫ್ರೆಡರಿಕ್ ಡಗ್ಲಸ್ ಅವರಂತೆ ಉತ್ತರಕ್ಕೆ ತಪ್ಪಿಸಿಕೊಂಡು ಹೋಗಿ, ಪುಸ್ತಕ ಬರೆದು, ಪತ್ರಿಕೆ ನಡೆಸಿ, ಇಡೀ ವ್ಯವಸ್ಥೆಯನ್ನೇ ಪ್ರಶ್ನಿಸಿದವರಿದ್ದರು. ಗುಟ್ಟಾಗಿ ಅಕ್ಷರ ಕಲಿತವರಿದ್ದರು. ಕಾನೂನು ಒಪ್ಪದಿದ್ದರೂ ಸಂಬಂಧಗಳನ್ನು ಉಳಿಸಿಕೊಂಡರು. ಇದಕ್ಕೆ ಸಾಕ್ಷಿ ಬೇಕೆಂದರೆ, 1865ರ ನಂತರದ ದಶಕಗಳಲ್ಲಿ ಕಪ್ಪು ಜನರ ಪತ್ರಿಕೆಗಳಲ್ಲಿ ಬಂದ ಜಾಹೀರಾತುಗಳನ್ನು ನೋಡಬೇಕು. ಇಂಥ ಊರಿನಲ್ಲಿ, ಇಂಥವರ ಬಳಿ ಇದ್ದಾಗ ನನ್ನ ತಾಯಿಯಿಂದ ಬೇರೆಯಾದೆ, ಯಾರಿಗಾದರೂ ಅವಳ ಸುದ್ದಿ ಗೊತ್ತಿದ್ದರೆ ತಿಳಿಸಿ ಅನ್ನುವ ಧಾಟಿಯವು. ಮಾರಾಟವಾಗಿ ಇಪ್ಪತ್ತು, ಮೂವತ್ತು ವರ್ಷ ಕಳೆದವರೂ ಹುಡುಕುತ್ತಿದ್ದರು.

ನೆಡ್‌ಗೆ ಸಿಗದ ಪೇಟೆಂಟ್

ನಮ್ಮ ಓದಿಗೆ ತೀರಾ ಹತ್ತಿರದ ಒಂದು ಪ್ರಕರಣ ಇದೆ. ಮಿಸಿಸಿಪ್ಪಿಯಲ್ಲಿ ನೆಡ್ ಎಂಬ ಕಮ್ಮಾರನಿದ್ದ. ಗುಲಾಮ. ಹತ್ತಿ ಸಾಲುಗಳ ನಡುವೆ ಕಳೆ ಕೆರೆದು ತೆಗೆಯಲು ಅವನೊಂದು ಹೊಸ ಸಲಕರಣೆ ಮಾಡಿದ. ಅವನ ಮಾಲೀಕ ಆಸ್ಕರ್ ಸ್ಟುವರ್ಟ್ 1857ರಲ್ಲಿ ಅದರ ಪೇಟೆಂಟ್ ತನಗೆ ಬೇಕು ಅಂತ ಸರ್ಕಾರಕ್ಕೆ ಬರೆದ. ಅವನ ವಾದ ಸರಳ: ಗುಲಾಮನ ಕೈಯ ದುಡಿಮೆ ನನ್ನದಾದರೆ, ಅವನ ಬುದ್ಧಿಯ ದುಡಿಮೆಯೂ ನನ್ನದೇ.

ಪೇಟೆಂಟ್ ಕಚೇರಿಗೆ ತಲೆನೋವಾಯ್ತು. ತಾನೇ ಕಂಡುಹಿಡಿದೆ ಅಂತ ಪ್ರಮಾಣ ಮಾಡಬೇಕು. ಸ್ಟುವರ್ಟ್ ಹಾಗೆ ಮಾಡುವಂತಿಲ್ಲ, ಯಾಕೆಂದರೆ ಕಂಡುಹಿಡಿದವನು ಅವನಲ್ಲ. ನೆಡ್ ಮಾಡುವಂತಿಲ್ಲ, ಯಾಕೆಂದರೆ ಡ್ರೆಡ್ ಸ್ಕಾಟ್ ತೀರ್ಪಿನ ಪ್ರಕಾರ ಅವನು ನಾಗರಿಕನೇ ಅಲ್ಲ. 1858ರಲ್ಲಿ ಅಟಾರ್ನಿ ಜನರಲ್ ಕೊಟ್ಟ ಅಭಿಪ್ರಾಯ: ಗುಲಾಮ ಕಂಡುಹಿಡಿದದ್ದಕ್ಕೆ ಪೇಟೆಂಟ್ ಇಬ್ಬರಿಗೂ ಇಲ್ಲ. ದಕ್ಷಿಣದ ರಾಜ್ಯಗಳು 1861ರಲ್ಲಿ ಒಕ್ಕೂಟದಿಂದ ಹೊರಬಂದು ತಮ್ಮದೇ ಪೇಟೆಂಟ್ ಕಾಯ್ದೆ ಮಾಡಿದಾಗ ಈ ಸಮಸ್ಯೆಯನ್ನು ಮರೆಯದೆ ಸರಿಪಡಿಸಿಕೊಂಡವು. ಗುಲಾಮನ ಆವಿಷ್ಕಾರದ ಪೇಟೆಂಟ್ ಮಾಲೀಕನಿಗೆ ಅಂತ ಕಾಯ್ದೆಯಲ್ಲೇ ಬರೆದರು.

ಕಪ್ಪು ಜನರಿಗೆ ಬುದ್ಧಿ ಇಲ್ಲ, ಅವರು ದುಡಿಯಲಷ್ಟೇ ಹುಟ್ಟಿದವರು ಅಂತ ಸಾರುತ್ತಿದ್ದ ಸಮಾಜವೇ ಅವರ ಬುದ್ಧಿಯ ಮೇಲೆ ಹಕ್ಕು ಸ್ಥಾಪಿಸಲು ಕಾನೂನು ಮಾಡಿತು. ಆ ಸಮಾಜಕ್ಕೆ ಸತ್ಯ ಗೊತ್ತಿತ್ತು ಅನ್ನೋದಕ್ಕೆ ಇದಕ್ಕಿಂತ ಸಾಕ್ಷಿ ಬೇಕೇ?

ಅದು ತಾನಾಗಿಯೇ ಸಾಯುತ್ತಿತ್ತೇ?

ಗುಲಾಮರು ಮನಸ್ಸಿಟ್ಟು ದುಡಿಯೋದಿಲ್ಲ, ಹಾಗಾಗಿ ಗುಲಾಮಗಿರಿ ನಷ್ಟದ ವ್ಯವಹಾರ, ಯುದ್ಧ ನಡೆಯದಿದ್ದರೂ ತಾನೇ ಮುಗಿಯುತ್ತಿತ್ತು ಅನ್ನುವ ವಾದ ಬಹಳ ಕಾಲ ಇತ್ತು. 1974ರಲ್ಲಿ ರಾಬರ್ಟ್ ಫೋಗೆಲ್ ಮತ್ತು ಸ್ಟ್ಯಾನ್ಲಿ ಎಂಗರ್‌ಮನ್ ಎಂಬ ಅರ್ಥಶಾಸ್ತ್ರಜ್ಞರು ಕಂಪ್ಯೂಟರಿಗೆ ದಾಖಲೆಗಳನ್ನು ತುಂಬಿ ಲೆಕ್ಕ ಹಾಕಿ ಬೇರೆಯದ್ದೇ ಹೇಳಿದರು: ತೋಟಗಳು ಲಾಭದಲ್ಲಿದ್ದವು, ವ್ಯವಸ್ಥೆ ಸಾಯುವ ಲಕ್ಷಣವೇ ಇರಲಿಲ್ಲ. ಅವರ ಪುಸ್ತಕದ ಬಗ್ಗೆ ದೊಡ್ಡ ಗಲಾಟೆಯಾಯ್ತು. ಗುಲಾಮರ ಬದುಕು, ಶಿಕ್ಷೆಯ ಬಗ್ಗೆ ಅವರು ಹೇಳಿದ್ದನ್ನು ಹರ್ಬರ್ಟ್ ಗಟ್‌ಮನ್ ಮೊದಲಾದವರು ಕಟುವಾಗಿ ಟೀಕಿಸಿದರು. ಆದರೆ ಲಾಭದ ವಿಷಯದಲ್ಲಿ ಇಂದು ಬಹುತೇಕ ಒಪ್ಪಿಗೆ ಇದೆ.

ಇದು ಕಹಿಯಾದ ಮಾತು. ಅನ್ಯಾಯವಾದದ್ದು ಅದಕ್ಷವಾಗಿಯೂ ಇರಬೇಕು ಅಂತ ನಾವು ಆಸೆಪಡ್ತೀವಿ. ಹಾಗಿದ್ದರೆ ಮಾರುಕಟ್ಟೆಯೇ ಅದನ್ನು ಸರಿಪಡಿಸುತ್ತೆ, ನಾವು ಏನೂ ಮಾಡಬೇಕಾಗಿಲ್ಲ. ಹತ್ತಿ ತೋಟಗಳು ಆ ಸಮಾಧಾನ ಕೊಡೋದಿಲ್ಲ. ಅಲ್ಲಿ ಅನ್ಯಾಯ ಲಾಭವನ್ನೂ ತಂದಿತು. ಅದು ಮುಗಿದದ್ದು 1861ರಿಂದ 1865ರವರೆಗಿನ ಯುದ್ಧದಿಂದ, ಲಕ್ಷಾಂತರ ಗುಲಾಮರು ತೋಟ ಬಿಟ್ಟು ಹೊರಟದ್ದರಿಂದ, ಅವರಲ್ಲಿ ಅನೇಕರು ಸೈನ್ಯ ಸೇರಿ ಹೋರಾಡಿದ್ದರಿಂದ, ಕೊನೆಗೆ 1865ರ ಡಿಸೆಂಬರಿನ ಸಂವಿಧಾನ ತಿದ್ದುಪಡಿಯಿಂದ.

ಅದೇ ಯಂತ್ರ, ಅದೇ ಬೀಜ ಧಾರವಾಡಕ್ಕೆ

ಈ ಕಥೆಯ ಒಂದು ಕವಲು ನಮ್ಮ ನೆಲಕ್ಕೂ ಬಂದಿದೆ. ಅಮೆರಿಕದ ಮೇಲಿನ ಅವಲಂಬನೆ ಕಡಿಮೆ ಮಾಡಬೇಕು ಅಂತ ಈಸ್ಟ್ ಇಂಡಿಯಾ ಕಂಪನಿ 1840ರಲ್ಲಿ ಹತ್ತು ಮಂದಿ ಅಮೆರಿಕನ್ ಪ್ಲಾಂಟರ್‌ಗಳನ್ನು ಭಾರತಕ್ಕೆ ಕರೆಸಿತು. ತಾವೇ ತೋಟ ಮಾಡಿ ಕೂಲಿಯವರಿಂದ ಬೆಳೆಸುವ ಅವರ ಪ್ರಯೋಗಗಳು ಹೆಚ್ಚಿನ ಕಡೆ ಸೋತವು. ಗೆದ್ದ ಅಪರೂಪದ ಜಾಗ ಧಾರವಾಡ. ಇಲ್ಲಿನ ಎರೆ ಭೂಮಿಯಲ್ಲಿ ನ್ಯೂ ಆರ್ಲಿಯನ್ಸ್ ತಳಿ ಹಿಡಿಯಿತು. ಅದನ್ನು ಜಿನ್ ಮಾಡಲು ವಿಟ್ನಿ ಮಾದರಿಯ ಗರಗಸದ ಹಲ್ಲಿನ ಯಂತ್ರಗಳೂ ಬಂದವು. ಜವಾರಿ ಹತ್ತಿ ಕುಮಟಾ ಬಂದರಿನ ಹೆಸರಿನಲ್ಲಿ ಮಾರಾಟವಾಗುತ್ತಿದ್ದರೆ, ಈ ಹೊಸದಕ್ಕೆ ಮಾರುಕಟ್ಟೆಯಲ್ಲಿ 'ಧಾರವಾಡ-ಅಮೆರಿಕನ್' ಅಂತಲೇ ಹೆಸರಾಯ್ತು. ಅಮೆರಿಕದ ಯುದ್ಧ ಕಾಲದಲ್ಲಿ ಹತ್ತಿಯ ಬೆಲೆ ಗಗನಕ್ಕೇರಿತು, 1865ರಲ್ಲಿ ಯುದ್ಧ ಮುಗಿದ ಕೂಡಲೇ ಕುಸಿಯಿತು.

ಅದೇ ಬೀಜ, ಅದೇ ಯಂತ್ರ, ಆದರೆ ಧಾರವಾಡದಲ್ಲಿ ಲೂಸಿಯಾನಾ ಹುಟ್ಟಲಿಲ್ಲ. ಯಾಕೆಂದರೆ ಇಲ್ಲಿ ಬೆಳೆದವರು ತಮ್ಮ ಹೊಲದ ರೈತರು. ಬೆಲೆ ಬಾರದಿದ್ದರೆ ಜೋಳ ಬಿತ್ತುವ ದಾರಿ ಅವರಿಗಿತ್ತು. ಹಾಗಂತ ನಮ್ಮದು ಒಳ್ಳೆಯ ಲೋಕವಾಗಿತ್ತು ಅಂತ ಬೀಗಬೇಕಾಗಿಲ್ಲ. ಇಲ್ಲಿ ಕಂದಾಯವಿತ್ತು, ಸಾಹುಕಾರರ ಸಾಲವಿತ್ತು, ಜಾತಿ ಇತ್ತು, ಜೀತವಿತ್ತು. ಜೀತವನ್ನು ದೇಶದ ಕಾಯ್ದೆ ನಿಷೇಧಿಸಿದ್ದು 1976ರಲ್ಲಿ. ಒಂದೇ ಯಂತ್ರ ಎರಡು ಸಮಾಜಗಳಲ್ಲಿ ಎರಡು ಬೇರೆ ಫಲ ಕೊಟ್ಟಿತು ಅನ್ನೋದಷ್ಟೇ ನಾವು ಗಮನಿಸಬೇಕಾದ್ದು.

ಕೊನೆಯ ಹಂತದ ಯಂತ್ರ

ಅಮೆರಿಕದಲ್ಲಿ ಬಿಡುಗಡೆಯ ನಂತರ ಭೂಮಿ ಮಾತ್ರ ಹಳೆಯ ಮಾಲೀಕರ ಕೈಯಲ್ಲೇ ಉಳಿಯಿತು. ಬಿಡುಗಡೆಯಾದವರು ಪಾಲಿಗೆ ಸಾಗುವಳಿ ಮಾಡಿದರು, ನಮ್ಮ ಕಡೆ ಕೋರು ಅಂತಾರಲ್ಲ, ಅದೇ ಥರ. ಬೀಜ, ಗೊಬ್ಬರ, ದಿನಸಿ ಎಲ್ಲ ಸಾಲ. ವರ್ಷದ ಕೊನೆಗೆ ಲೆಕ್ಕ ಬರೆಯುವವನು ಮಾಲೀಕನೇ. ಎಷ್ಟೋ ಕುಟುಂಬಗಳು ಆ ಸಾಲದಿಂದ ಏಳಲೇ ಇಲ್ಲ.

ಹತ್ತಿ ಬಿಡಿಸುವ ಯಂತ್ರಕ್ಕೆ ಅಮೆರಿಕದಲ್ಲಿ 1850ರಲ್ಲೇ ಪೇಟೆಂಟ್ ಇತ್ತು. ಆದರೆ ಮಿಸಿಸಿಪ್ಪಿಯ ಹಾಪ್ಸನ್ ತೋಟದಲ್ಲಿ ಬಿತ್ತನೆಯಿಂದ ಬೇಲ್‌ವರೆಗೆ ಇಡೀ ಬೆಳೆಯನ್ನು ಯಂತ್ರದಿಂದಲೇ ತೆಗೆದದ್ದು 1944ರಲ್ಲಿ. ಇಷ್ಟು ತಡವಾದದ್ದಕ್ಕೆ ತಾಂತ್ರಿಕ ಕಷ್ಟ ನಿಜಕ್ಕೂ ಒಂದು ಕಾರಣ. ಅಗ್ಗದ, ಬೇರೆ ದಾರಿಯಿಲ್ಲದ ಕೈಗಳು ಸಿಗುತ್ತಿದ್ದಾಗ ಆ ಕಷ್ಟ ಬಿಡಿಸುವ ಅವಸರ ಯಾರಿಗೂ ಇರಲಿಲ್ಲ ಅನ್ನೋದು ಇನ್ನೊಂದು. ಕೊನೆಗೆ ಯಂತ್ರ ಬಂದಾಗಲೂ ಬಿಡಿಸುವವರಿಗೆ ವಿಶ್ರಾಂತಿ ಸಿಗಲಿಲ್ಲ, ಇದ್ದ ಕೆಲಸವೇ ಹೋಯಿತು. ಮೊದಲ ಯಂತ್ರ ಅವರನ್ನು ಹೊಲಕ್ಕೆ ಕಟ್ಟಿಹಾಕಿತು, ಎರಡನೆಯದ್ದು ಹೊಲದಿಂದ ಹೊರಹಾಕಿತು. ಎರಡು ಸಲವೂ ಅವರನ್ನು ಯಾರೂ ಕೇಳಲಿಲ್ಲ.

ಚರ್ಚೆಗೆ ಕೆಲವು ಪ್ರಶ್ನೆಗಳು

ವಿಟ್ನಿ ಕ್ರೂರಿಯಾಗಿದ್ದ ಅಂತ ನಾವು ಹೇಳ್ತಿಲ್ಲ. ಅವನು ಒಂದು ತಾಂತ್ರಿಕ ಸಮಸ್ಯೆಯನ್ನು ಬಿಡಿಸಿದ, ಚೆನ್ನಾಗಿಯೇ ಬಿಡಿಸಿದ. ಅವನು ಕೇಳದೇ ಬಿಟ್ಟ ಪ್ರಶ್ನೆಗಳು ನಮ್ಮ ಮುಂದೆಯೂ ಇವೆ. ಮುಂದಿನ ಪ್ರಾಜೆಕ್ಟ್ ಸಿನಾಪ್ಸಿಸ್ ಬರೆಯುವಾಗ, 'ಪ್ರಯೋಜನಗಳು' ಅನ್ನುವ ತಲೆಬರಹದ ಕೆಳಗೆ ಒಮ್ಮೆ ಇವನ್ನೂ ಕೇಳಿಕೊಳ್ಳೋಣ:

1. ನಾವು ತೆಗೆಯುತ್ತಿರುವ ಬಾಟಲ್‌ನೆಕ್ ಮುಂದೆ ಎಲ್ಲಿಗೆ ಜರುಗುತ್ತೆ? ಆ ಹಂತದಲ್ಲಿ ನಿಂತಿರುವವರು ಯಾರು?

2. ಉಳಿದ ಸಮಯ ಯಾರ ಪಾಲಿಗೆ ಹೋಗುತ್ತೆ? ಕೆಲಸ ಮಾಡುವವರಿಗೋ, ಗುರಿ ಏರಿಸುವವರಿಗೋ?

3. ನಾವು ಅಳೆಯುವ ಡೇಟಾ ಯಾರದ್ದು? ಅಳೆಸಿಕೊಳ್ಳುವವರು ಆ ಸಂಖ್ಯೆಯನ್ನು ನೋಡಬಹುದೇ, ಪ್ರಶ್ನಿಸಬಹುದೇ, ಬೇಡ ಅನ್ನಬಹುದೇ?

4. ಕೆಲಸ ಬಿಟ್ಟು ಹೋಗುವ ಸ್ವಾತಂತ್ರ್ಯ ಅವರಿಗೆ ನಿಜವಾಗಿಯೂ ಇದೆಯೇ, ಅಥವಾ ಕಾಗದದ ಮೇಲೆ ಮಾತ್ರವೇ?

ಉತ್ತರ ಗೊತ್ತಿದ್ದರೆ ಬರೆದು ಕಳಿಸಿ. ಒಪ್ಪದಿದ್ದರೂ ಬರೆಯಿರಿ. ಮುಂದಿನ ಸಂಚಿಕೆಯಲ್ಲಿ ನಿಮ್ಮ ಮಾತಿಗೂ ಜಾಗ ಇದೆ.